ದಾನದ ಬುಟ್ಟಿಯಿಂದ ಸಂಘದ ಪೆಟ್ಟಿಗೆಗೆ: ರೈಫೈಸನ್ನರ ಜೀವನ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನೀವೂ ಏನಾದರೂ ಬರೀರಿ ಅಂತ ಅಧ್ಯಕ್ಷರು ಹೇಳಿದಾಗ ನನಗೆ ಸ್ವಲ್ಪ ಅಳುಕೇ ಆಯಿತು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಕೂರಿಗೆ ಹಿಡಿದ ಕೈ, ಪೆನ್ನು ಹಿಡಿದದ್ದು ಕಡಿಮೆ. ಆದರೂ ನಿರ್ದೇಶಕರ ತರಬೇತಿಗೆ ಹೋದಾಗ ಕೇಳಿದ ಒಂದು ಹೆಸರು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಆಮೇಲೆ ಅವರ ಬಗ್ಗೆ ಸಿಕ್ಕಷ್ಟು ಓದಿದೆ, ತಿಳಿದವರನ್ನು ಕೇಳಿದೆ. ಅವರೇ ಜರ್ಮನಿ ದೇಶದ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ನರು. ಹಳ್ಳಿಯ ರೈತರ ಸಾಲದ ಸಂಘ ಅನ್ನುವ ವಿಚಾರಕ್ಕೆ ರೂಪ ಕೊಟ್ಟವರಲ್ಲಿ ಇವರು ಮೊದಲಿಗರು.

ಅವರ ಕಥೆಯನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಅದಕ್ಕೊಂದು ಕಾರಣ ಇದೆ. 2023ರ ಬರಗಾಲ ನಿಮಗೆಲ್ಲ ನೆನಪಿದೆ. ಆ ವರ್ಷ ದನಕರುಗಳಿಗೆ ಪುಕ್ಕಟೆ ಮೇವು ಹಂಚೋಣ ಅಂತ ಸಂಘದ ಸಭೆಯಲ್ಲಿ ಮೊದಲು ದನಿ ಎತ್ತಿದವನು ನಾನು. ಆ ಕೆಲಸದಲ್ಲಿ ನಾವು ಒಂದು ಪಾಠ ಕಲಿತೆವು. ಆ ಪಾಠವನ್ನು ರೈಫೈಸನ್ನರು ಪೌಣೇ ಇನ್ನೂರು ವರ್ಷದ ಹಿಂದೆಯೇ ಕಲಿತಿದ್ದರು ಅಂತ ಆಮೇಲೆ ತಿಳಿಯಿತು. ನಮ್ಮ ಮೇವಿನ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಆ ಹಿರಿಯರ ಜೀವನ ನೋಡೋಣ.

ಬಾಲ್ಯ ಮತ್ತು ನೌಕರಿ

ರೈಫೈಸನ್ನರು ಹುಟ್ಟಿದ್ದು 1818ನೇ ಇಸವಿ ಮಾರ್ಚ್ 30ರಂದು, ಸೀಗ್ ನದಿ ದಂಡೆಯ ಹಾಮ್ ಎಂಬ ಸಣ್ಣ ಊರಿನಲ್ಲಿ. ಆಗ ಆ ಸೀಮೆ ಪ್ರಷ್ಯಾ ರಾಜ್ಯದಲ್ಲಿತ್ತು. ಒಂಬತ್ತು ಮಕ್ಕಳಲ್ಲಿ ಇವರು ಏಳನೆಯವರು. ತಂದೆ ಒಕ್ಕಲುತನ ಮಾಡುತ್ತಿದ್ದರು, ಕೆಲವು ಕಾಲ ಊರಿನ ಮುಖ್ಯಸ್ಥರೂ ಆಗಿದ್ದರು. ಆದರೆ ಮಕ್ಕಳು ಚಿಕ್ಕವರಿರುವಾಗಲೇ ತಂದೆಯವರ ಕೈ ಸೋತಿತು, ಮನೆಯ ಭಾರವೆಲ್ಲ ತಾಯಿಯ ಮೇಲೆ ಬಿತ್ತು. ತಾಯಿ ದೈವಭಕ್ತೆ, ಗಟ್ಟಿ ಮನಸ್ಸಿನ ಹೆಣ್ಣುಮಗಳು. ದೊಡ್ಡ ಶಾಲೆಗೆ ಕಳಿಸುವ ಶಕ್ತಿ ಮನೆಗೆ ಇರಲಿಲ್ಲ. ಊರ ಶಾಲೆಯ ಓದು ಮುಗಿದ ಮೇಲೆ ಅಲ್ಲಿಯ ಚರ್ಚಿನ ಪಾದ್ರಿಗಳೇ ಹುಡುಗನನ್ನು ಕೂರಿಸಿಕೊಂಡು ಪಾಠ ಹೇಳಿದರು. ಬಡವರಿಗೆ ನೆರವಾಗುವುದು ದೇವರ ಕೆಲಸ ಎಂಬ ನಂಬಿಕೆ ಅಲ್ಲಿಂದಲೇ ಅವರಿಗೆ ಬಂದದ್ದು. ಸಾಯುವವರೆಗೂ ಅದು ಅವರನ್ನು ಬಿಡಲಿಲ್ಲ.

17ನೇ ವಯಸ್ಸಿಗೆ, ಅಂದರೆ 1835ರಲ್ಲಿ, ಸೈನ್ಯ ಸೇರಿದರು. ಫಿರಂಗಿ ದಳದಲ್ಲಿ ಕೆಲಸ. ಚುರುಕಾಗಿದ್ದರಿಂದ ಮೇಲೆ ಬರುತ್ತಿದ್ದರು. ಆದರೆ ಕಣ್ಣಿನ ಬೇನೆ ಹತ್ತಿತು. ಸೈನ್ಯ ಬಿಡಬೇಕಾಯಿತು. 1843ರಲ್ಲಿ ಸರ್ಕಾರಿ ಆಡಳಿತದ ನೌಕರಿಗೆ ಬಂದರು. 1845ರಲ್ಲಿ, ಇನ್ನೂ 27 ವರ್ಷದ ಹುಡುಗ, ವೈಯರ್‌ಬುಷ್ ಎಂಬ ಊರಿಗೆ ಆಡಳಿತ ಮುಖ್ಯಸ್ಥರಾಗಿ ನೇಮಕವಾದರು. ಅದೇ ವರ್ಷ ಎಮಿಲಿ ಎಂಬ ಔಷಧ ವ್ಯಾಪಾರಿಯ ಮಗಳ ಜೊತೆ ಮದುವೆಯೂ ಆಯಿತು.

ಆ ಹುದ್ದೆಯನ್ನು ಇಂಗ್ಲಿಷಿನಲ್ಲಿ ಮೇಯರ್ ಅನ್ನುತ್ತಾರೆ. ಆದರೆ ನಮ್ಮ ಪಟ್ಟಣದ ಮೇಯರ್ ಇದ್ದಂತೆ ಅಲ್ಲ. ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಅವರ ಕೈಕೆಳಗೆ. ನಮ್ಮ ಒಂದು ಹೋಬಳಿ ಅಂತ ಇಟ್ಟುಕೊಳ್ಳಿರಿ. ವೆಸ್ಟರ್‌ವಾಲ್ಡ್ ಎಂಬ ಆ ಗುಡ್ಡಗಾಡು ಸೀಮೆಯ ಭೂಮಿ ಬಡ ಭೂಮಿ, ಥಂಡಿ ಹೆಚ್ಚು. ಅಣ್ಣತಮ್ಮಂದಿರು ಪಾಲಾಗಿ ಪಾಲಾಗಿ ಹೊಲಗಳು ತುಂಡು ತುಂಡಾಗಿದ್ದವು. ನಮ್ಮ ಕಡೆಯ ಕಥೆಯೇ ಅಂದರೂ ಸರಿ.

ಮೊದಲನೆಯ ಪ್ರಯತ್ನ: ಹಸಿದವರಿಗೆ ರೊಟ್ಟಿ

1845ರ ಹೊತ್ತಿಗೆ ಯುರೋಪಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. 1846ರಲ್ಲಿ ಧಾನ್ಯವೂ ಕೈಕೊಟ್ಟಿತು. 1846-47ರ ಚಳಿಗಾಲದಲ್ಲಿ ಬಡವರ ಮನೆಯಲ್ಲಿ ಒಲೆ ಹೊತ್ತುವುದು ಕಷ್ಟವಾಯಿತು. ಸರ್ಕಾರ ಹಿಟ್ಟು ಕಳಿಸಿತು. ಆದರೆ ನಗದು ರೊಕ್ಕ ಕೊಟ್ಟವರಿಗೆ ಮಾತ್ರ ಕೊಡಬೇಕು ಅಂತ ಅಪ್ಪಣೆ ಇತ್ತು. ನಗದು ಇದ್ದವನು ಯಾಕೆ ಹಸಿದಿರುತ್ತಾನೆ? ರೈಫೈಸನ್ನರು ಮೇಲಿನವರ ಅಪ್ಪಣೆ ಮೀರಿ, ಇಲ್ಲದವರಿಗೆ ಉದ್ರಿ ಕೊಟ್ಟರು. ನೌಕರಿಗೆ ಕುತ್ತು ಬರಬಹುದು ಅಂತ ಗೊತ್ತಿದ್ದೇ ಮಾಡಿದರು.

ಅಷ್ಟಕ್ಕೆ ನಿಲ್ಲಲಿಲ್ಲ. ಊರಿನ ಸ್ಥಿತಿವಂತರನ್ನು ಕೂಡಿಸಿ ಒಂದು ನಿಧಿ ಮಾಡಿದರು. ಅದಕ್ಕೆ ರೊಟ್ಟಿ ಸಂಘ ಅಂತ ಕರೆಯಬಹುದು. ಆ ರೊಕ್ಕದಲ್ಲಿ ಹೊರಗಿನಿಂದ ಧಾನ್ಯ ತರಿಸಿ, ಊರಿನಲ್ಲೇ ಒಂದು ಭಟ್ಟಿ ಕಟ್ಟಿಸಿ, ಬ್ರೆಡ್ಡು ಸುಡಿಸಿ, ಪೇಟೆ ಧಾರಣೆಗಿಂತ ಬಹಳ ಕಡಿಮೆಗೆ ಕೊಟ್ಟರು. ಕೈಯಲ್ಲಿ ಇಲ್ಲದವರಿಗೆ ಉದ್ರಿಯೂ ಇತ್ತು. ಬಿತ್ತಲು ಆಲೂಗಡ್ಡೆ ಬೀಜವನ್ನೂ ಒದಗಿಸಿದರು. ಅದೇ ಕಾಲದಲ್ಲಿ ಶಾಲೆ ಕಟ್ಟಿಸಿದರು. ರೈತರ ಮಾಲು ರೈನ್ ನದಿಯ ಕಡೆಗೆ, ಪೇಟೆಗೆ ಹೋಗಲಿ ಅಂತ ರಸ್ತೆ ಮಾಡಿಸಲು ಓಡಾಡಿದರು.

ಆ ಹಸಿವಿನ ವರ್ಷ ದಾಟಿತು. 1847ರಲ್ಲಿ ಬೆಳೆ ಚೆನ್ನಾಗಿ ಬಂತು, ಧಾರಣೆ ಇಳಿಯಿತು, ರೊಟ್ಟಿ ಸಂಘದ ಕೆಲಸವೂ ಮುಗಿಯಿತು. ಇಲ್ಲಿ ಒಂದು ಮಾತು ಗಮನಿಸಬೇಕು. ಮುಗಿದ ಕೆಲಸವನ್ನು ಅವರು ಸುಮ್ಮನೆ ಎಳೆಯುತ್ತ ಕೂಡಲಿಲ್ಲ. ಹಸಿವು ಇದ್ದಾಗ ರೊಟ್ಟಿ ಬೇಕಿತ್ತು. ಹಸಿವು ಹೋದ ಮೇಲೆ ಬಡವನಿಗೆ ಬೇಕಾದದ್ದು ಬೇರೆ.

ಎರಡನೆಯ ಪ್ರಯತ್ನ: ದನಕ್ಕೆ ಸಾಲ

1848ರಲ್ಲಿ ಅವರಿಗೆ ಫ್ಲಾಮರ್ಸ್‌ಫೆಲ್ಡ್ ಊರಿಗೆ ವರ್ಗವಾಯಿತು. ಅಲ್ಲಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳು. ಅಲ್ಲಿ ಅವರು ಕಂಡದ್ದು ಹಸಿವಿಗಿಂತ ಆಳದ ರೋಗ, ಅಂದರೆ ಸಾಲ. ರೈತನಿಗೆ ದನ ಕೊಳ್ಳಲು ರೊಕ್ಕ ಇಲ್ಲ. ವ್ಯಾಪಾರಿ ತನ್ನ ದನವನ್ನು ರೈತನ ಕೊಟ್ಟಿಗೆಯಲ್ಲಿ ಕಟ್ಟುವನು. ಮೇವು ಹಾಕುವವನು ರೈತ, ಸಗಣಿ ಬಾಚುವವನು ರೈತ, ಲಾಭ ಮಾತ್ರ ದನದ ಒಡೆಯನಿಗೆ. ಇಲ್ಲವೆ ದುಬಾರಿ ಬಡ್ಡಿಗೆ ಸಾಲ. ಒಂದು ಕಂತು ತಪ್ಪಿದರೆ ದನವೂ ಹೋಯಿತು, ಹೊಲವೂ ಹೋಯಿತು.

1849ರಲ್ಲಿ ರೈಫೈಸನ್ನರು ಅಲ್ಲಿಯ ಸುಮಾರು 60 ಮಂದಿ ಸ್ಥಿತಿವಂತರನ್ನು ಸೇರಿಸಿ, ಬಡ ರೈತರ ನೆರವಿನ ಸಂಘ ಕಟ್ಟಿದರು. ಈ ಸಲ ಅವರಿಂದ ದಾನ ಕೇಳಲಿಲ್ಲ, ಜಾಮೀನು ಕೇಳಿದರು. ಎಲ್ಲರೂ ಸೇರಿ ತಮ್ಮ ಆಸ್ತಿಯ ಮೇಲೆ ಹೊಣೆ ಹೊತ್ತರು. ಆ ಹೊಣೆ ನೋಡಿ ಹೊರಗಿನವರು ಸಂಘಕ್ಕೆ ಕಡಿಮೆ ಬಡ್ಡಿಗೆ ಸಾಲ ಕೊಟ್ಟರು. ಆ ರೊಕ್ಕದಿಂದ ಸಂಘವು ದನ ಕೊಂಡು ಬಡ ರೈತನಿಗೆ ಕೊಡುವುದು, ರೈತ ಐದು ವರ್ಷದ ಕಂತಿನಲ್ಲಿ ತೀರಿಸುವುದು. ಸ್ವಲ್ಪ ದಿನದಲ್ಲೇ ದನದ ಬದಲು ನಗದು ಸಾಲವನ್ನೂ ಕೊಡತೊಡಗಿದರು.

ನೋಡಿರಿ, ಎಷ್ಟು ದೊಡ್ಡ ಬದಲಾವಣೆ. ಮೊದಲನೆಯದರಲ್ಲಿ ಉಳ್ಳವರ ರೊಕ್ಕ ಊಟಕ್ಕೆ ಖರ್ಚಾಗುತ್ತಿತ್ತು. ಎರಡನೆಯದರಲ್ಲಿ ಉಳ್ಳವರ ಹೆಸರೇ ಬಂಡವಾಳ ಆಯಿತು. ಒಬ್ಬನು ತೀರಿಸಿದ ರೊಕ್ಕ ಇನ್ನೊಬ್ಬನಿಗೆ ಸಾಲವಾಗಿ ತಿರುಗಿತು. ಆದರೂ ಒಂದು ಕೊರತೆ ಉಳಿಯಿತು. ಸಾಲ ತೆಗೆದುಕೊಂಡ ಬಡವ ಸಂಘದ ಸದಸ್ಯನಲ್ಲ. ಹೊಣೆ ಒಬ್ಬರದು, ಅನುಕೂಲ ಇನ್ನೊಬ್ಬರದು.

ಮೂರನೆಯ ಪ್ರಯತ್ನ: ಎಲ್ಲವನ್ನೂ ಮಾಡಹೋದದ್ದು

1852ರಲ್ಲಿ ರೈನ್ ನದಿಯ ಹತ್ತಿರದ ಹೆಡ್ಡೆಸ್‌ಡಾರ್ಫ್‌ಗೆ ಮತ್ತೆ ವರ್ಗ. 1854ರಲ್ಲಿ ಅಲ್ಲಿ ಒಂದು ಧರ್ಮಾರ್ಥ ಸಂಘ ಕಟ್ಟಿದರು. ಈ ಸಲ ಅವರ ಆಸೆ ಬಹಳ ದೊಡ್ಡದು. ದಿಕ್ಕಿಲ್ಲದ ಮಕ್ಕಳನ್ನು ಸಾಕಿ ಶಿಕ್ಷಣ ಕೊಡಬೇಕು. ಜೈಲಿನಿಂದ ಬಿಟ್ಟು ಬಂದವರಿಗೆ, ಕೆಲಸವಿಲ್ಲದವರಿಗೆ ಕೆಲಸ ಕೊಡಬೇಕು. ಊರಿಗೆ ಪುಸ್ತಕ ಭಂಡಾರ ಬೇಕು. ರೈತನಿಗೆ ದನ ಕೊಡಬೇಕು. ಸಾಲದ ನಿಧಿಯೂ ಬೇಕು. ಎಲ್ಲವೂ ಒಳ್ಳೆಯ ಕೆಲಸಗಳೇ. ಯಾವುದನ್ನು ಬೇಡ ಅನ್ನಲು ಬರುತ್ತದೆ?

ಆದರೆ ಹತ್ತು ಕಡೆ ತೋಡಿದ ಬಾವಿಯಲ್ಲಿ ನೀರು ಬರುವುದಿಲ್ಲ. ವರ್ಷ ಕಳೆದಂತೆ ಒಂದೊಂದೇ ಕೆಲಸ ನಿಂತಿತು. ರೊಕ್ಕಕ್ಕಿಂತ ಮೊದಲು ಮಂದಿಯ ಉತ್ಸಾಹ ಬತ್ತಿತು. ಕೊನೆಗೆ ಗಟ್ಟಿಯಾಗಿ ನಡೆದದ್ದು ಸಾಲದ ನಿಧಿ ಒಂದೇ. ಯಾಕೆಂದರೆ ಅದೊಂದೇ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತಿತ್ತು. ಆಮೇಲೆ ಅದಕ್ಕೂ ಗಂಡಾಂತರ ಬಂತು. ಹೊಣೆ ಹೊತ್ತಿದ್ದ ಸ್ಥಿತಿವಂತರಿಗೆ ಬೇಸರ ಬರತೊಡಗಿತು. ಕಷ್ಟದ ವರ್ಷದ ಕನಿಕರ ಸುಖದ ವರ್ಷದಲ್ಲಿ ಉಳಿಯುವುದಿಲ್ಲ. ತಮಗೆ ಸಾಲ ಬೇಡ, ಆದರೆ ಇನ್ನೊಬ್ಬರ ಸಾಲಕ್ಕೆ ತಮ್ಮ ಮನೆ ಹೊಲ ಹೊಣೆ. ಎಷ್ಟು ವರ್ಷ ಅಂತ ಒಪ್ಪಿಕೊಂಡಾರು? ಅವರನ್ನು ಕೆಟ್ಟವರು ಅನ್ನಲು ಬರುವುದಿಲ್ಲ. ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ನಾಲ್ಕನೆಯ ನಿರ್ಧಾರ: ಸಾಲ ಬೇಕಾದವನೇ ಸದಸ್ಯ

ಇಲ್ಲಿ ರೈಫೈಸನ್ನರಿಗೆ ಜೀವನದ ದೊಡ್ಡ ನಿರ್ಧಾರ ಮಾಡಬೇಕಾಯಿತು. ಅವರಿಗೆ ದಾನಧರ್ಮದಲ್ಲಿ ಪೂರ್ಣ ನಂಬಿಕೆ. ಉಳ್ಳವನು ಇಲ್ಲದವನ ಕೈ ಹಿಡಿಯಬೇಕು ಅನ್ನುವುದು ಅವರ ಧರ್ಮ. ಆದರೆ ಹದಿನೈದು ವರ್ಷದ ಅನುಭವ ಬೇರೆ ಹೇಳುತ್ತಿತ್ತು.

ಅದೇ ಕಾಲದಲ್ಲಿ ಜರ್ಮನಿಯ ಇನ್ನೊಂದು ಭಾಗದಲ್ಲಿ ಷುಲ್ಜ್ ಡೆಲಿಷ್ ಎಂಬ ನ್ಯಾಯಾಧೀಶರು 1850ರಿಂದ ಪಟ್ಟಣದ ಬಡಗಿ, ಚಮ್ಮಾರ ಮೊದಲಾದ ಕುಶಲಕರ್ಮಿಗಳಿಗೆ ಸಾಲದ ಸಂಘಗಳನ್ನು ಕಟ್ಟುತ್ತಿದ್ದರು. ದಾನವೇ ಬೇಡ, ಸದಸ್ಯರೇ ಷೇರು ಹಾಕಿ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂಬುದು ಅವರ ವಾದ. ರೈಫೈಸನ್ನರು ಅವರ ಜೊತೆ ಪತ್ರ ವ್ಯವಹಾರ ಮಾಡಿದರು. ಮನಸ್ಸು ಒಪ್ಪಲು ಕಷ್ಟವಾದರೂ ಕೊನೆಗೆ ಒಪ್ಪಿದರು. 1862ರಲ್ಲಿ ಹತ್ತಿರದ ಅನ್‌ಹೌಸೆನ್ ಮೊದಲಾದ ಸಣ್ಣ ಊರುಗಳಲ್ಲಿ ಸಾಲದ ಸಂಘಗಳು ಆದವು. 1864ರಲ್ಲಿ ಹೆಡ್ಡೆಸ್‌ಡಾರ್ಫಿನ ಧರ್ಮಾರ್ಥ ಸಂಘವನ್ನೇ ಸಾಲದ ಸಂಘವಾಗಿ ಮಾರ್ಪಡಿಸಿದರು. ಸಾಲ ಬೇಕಾದವನು ಸದಸ್ಯನಾಗಲೇಬೇಕು, ಎಲ್ಲರ ಜೊತೆ ತಾನೂ ಹೊಣೆ ಹೊರಲೇಬೇಕು ಎಂಬ ನಿಯಮ ಬಂತು.

ತಾನೇ ಕಟ್ಟಿದ್ದನ್ನು ತಾನೇ ಬದಲಿಸುವುದು ಸುಲಭವಲ್ಲ. ಹಿಂದೆ ಮಾಡಿದ್ದು ತಪ್ಪು ಅಂತ ಮಂದಿ ಅಂದಾರು ಎಂಬ ನಾಚಿಕೆ ಇರುತ್ತದೆ. ರೈಫೈಸನ್ನರು ಆ ನಾಚಿಕೆ ಇಟ್ಟುಕೊಳ್ಳಲಿಲ್ಲ.

ಹಾಗಂತ ಷುಲ್ಜರ ಪದ್ಧತಿಯನ್ನು ಹಾಗೆಯೇ ನಕಲು ಮಾಡಲೂ ಇಲ್ಲ. ಪಟ್ಟಣದ ಕಸುಬುದಾರನಿಗೆ ವಾರ ವಾರ ರೊಕ್ಕ ಬರುತ್ತದೆ. ರೈತನಿಗೆ ಸುಗ್ಗಿಗೊಮ್ಮೆ. ಅದಕ್ಕೆ ತಕ್ಕಂತೆ ಅವರು ಹಳ್ಳಿಗೆ ಬೇರೆ ನಿಯಮಗಳನ್ನು ಹಾಕಿದರು. ಸಂಘದ ಸೀಮೆ ಸಣ್ಣದಿರಬೇಕು, ಒಬ್ಬರ ಮನೆಯ ಸ್ಥಿತಿ ಇನ್ನೊಬ್ಬರಿಗೆ ಗೊತ್ತಿರುವಷ್ಟು. ಸಾಲ ಸದಸ್ಯರಿಗೆ ಮಾತ್ರ, ಅದೂ ಉಪಯೋಗದ ಕೆಲಸಕ್ಕೆ, ಜಾಮೀನಿನ ಮೇಲೆ. ತೀರಿಸಲು ಉದ್ದ ಕಾಲಾವಕಾಶ. ಆಡಳಿತ ಮಂಡಳಿಯವರಿಗೆ ಸಂಬಳ ಇಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ. ಮಂಡಳಿಯ ಮೇಲೆ ಕಣ್ಣಿಡಲು ಬೇರೊಂದು ಸಮಿತಿ. ಬಂದ ಲಾಭ ಹಂಚಬಾರದು, ಅದು ಯಾರೂ ಪಾಲು ಮಾಡಲಾಗದ ಕಾಯ್ದಿಟ್ಟ ನಿಧಿಗೆ ಹೋಗಬೇಕು.

ಈ ಕೊನೆಯ ನಿಯಮದ ಹಿಂದೆ ಬಹಳ ವಿಚಾರ ಇದೆ. ದಾನಿಗಳು ಒಂದು ದಿನ ಹಿಂದೆ ಸರಿಯುತ್ತಾರೆ ಅಂತ ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ಸಂಘಕ್ಕೆ ತನ್ನದೇ ಒಬ್ಬ ದಾನಿ ಬೇಕು, ಅವನು ಸಾಯಬಾರದು, ಬೇಸರ ಪಡಬಾರದು, ಊರು ಬಿಡಬಾರದು. ಆ ದಾನಿಯೇ ಕಾಯ್ದಿಟ್ಟ ನಿಧಿ. ಅದನ್ನು ಸಂಘ ಮುಚ್ಚಿದರೂ ಹಂಚಿಕೊಳ್ಳಲು ಬಾರದು ಅಂದರೆ, ಹಂಚಿಕೊಳ್ಳುವ ಆಸೆಗೆ ಸಂಘ ಮುಚ್ಚುವವರೂ ಇರುವುದಿಲ್ಲ.

ಕಣ್ಣು ಹೋದರೂ ಕೆಲಸ ಬಿಡಲಿಲ್ಲ

ಹೊರಗೆ ಕೆಲಸ ಬೆಳೆಯುತ್ತಿದ್ದರೆ ಮನೆಯಲ್ಲಿ ದುಃಖ ಬೆಳೆಯುತ್ತಿತ್ತು. ಮಕ್ಕಳಲ್ಲಿ ಕೆಲವರು ಚಿಕ್ಕಂದಿನಲ್ಲೇ ಹೋದರು. 1863ರಲ್ಲಿ ಹೆಂಡತಿ ಎಮಿಲಿ ತೀರಿಕೊಂಡರು. ಅದೇ ಹೊತ್ತಿಗೆ ರೈಫೈಸನ್ನರಿಗೆ ವಿಷಮಜ್ವರ ಬಂದು ಶರೀರ ಸೋತಿತು, ಕಣ್ಣು ಇನ್ನಷ್ಟು ಮಂಜಾಯಿತು. 1865ರಲ್ಲಿ, 47ನೇ ವಯಸ್ಸಿಗೆ ನೌಕರಿಯಿಂದ ನಿವೃತ್ತಿ. ಪಿಂಚಣಿ ಸಣ್ಣದು. ಸಂಸಾರ ನಡೆಸಲು ಮೊದಲು ಸಿಗಾರು ತಯಾರಿಕೆ, ಆಮೇಲೆ ದ್ರಾಕ್ಷಾರಸದ ವ್ಯಾಪಾರ ಮಾಡಿದರು. ಸಾವಿರಾರು ರೈತರಿಗೆ ಸಾಲದ ದಾರಿ ಮಾಡಿದವರು ಸಂಘದ ರೊಕ್ಕದಲ್ಲಿ ತಾವು ಬದುಕಲಿಲ್ಲ.

ಹಿರಿಯ ಮಗಳು ಅಮಾಲಿ ತಂದೆಗೆ ಕಣ್ಣಾದಳು. ಬಂದ ಪತ್ರಗಳನ್ನು ಓದಿ ಹೇಳುವವಳು ಅವಳು, ತಂದೆ ಹೇಳಿದ್ದನ್ನು ಬರೆದುಕೊಳ್ಳುವವಳೂ ಅವಳೇ. 1866ರಲ್ಲಿ ರೈಫೈಸನ್ನರು ಸಾಲದ ಸಂಘಗಳ ಬಗ್ಗೆ ಪುಸ್ತಕ ಹೊರತಂದರು. ಸಂಘ ಹೇಗೆ ಕಟ್ಟಬೇಕು, ಲೆಕ್ಕ ಹೇಗೆ ಇಡಬೇಕು ಎಂಬುದೆಲ್ಲ ಅದರಲ್ಲಿತ್ತು. ಅವರು ಬದುಕಿದ್ದಾಗಲೇ ಅದು ಐದು ಸಲ ಅಚ್ಚಾಯಿತು. ಪ್ರತಿ ಸಲವೂ ಹೊಸ ಅನುಭವ ಸೇರಿಸಿ ತಿದ್ದಿದರು. ಸಂಘದ ಇತಿಹಾಸದಲ್ಲಿ ಅಮಾಲಿಯಂಥ ಹೆಣ್ಣುಮಕ್ಕಳ ಹೆಸರು ಮುಂದೆ ಬರುವುದಿಲ್ಲ. ಆದ್ದರಿಂದ ಇಲ್ಲಿ ಬೇಕಂತಲೇ ಬರೆದಿದ್ದೇನೆ.

ಸಂಘಗಳು ಹೆಚ್ಚಾದಂತೆ ಹೊಸ ತೊಡಕು ಬಂತು. ಒಂದು ಊರಿನ ಸಂಘದಲ್ಲಿ ಠೇವಣಿ ಸುಮ್ಮನೆ ಬಿದ್ದಿರುತ್ತದೆ, ಇನ್ನೊಂದು ಊರಿನಲ್ಲಿ ಸಾಲ ಕೊಡಲು ರೊಕ್ಕ ಇಲ್ಲ. ಇದಕ್ಕಾಗಿ 1872ರಲ್ಲಿ ನೋಯ್‌ವೀಡ್ ಪಟ್ಟಣದಲ್ಲಿ ಸಂಘಗಳಿಗೆಲ್ಲ ಒಂದು ಮೇಲಿನ ಬ್ಯಾಂಕು ಮಾಡಿದರು. ನಮ್ಮ ಸಂಘಕ್ಕೆ ಡಿ.ಸಿ.ಸಿ. ಬ್ಯಾಂಕು ಇದ್ದಂತೆ. ಇದನ್ನು ಷುಲ್ಜ್ ಡೆಲಿಷ್ ವಿರೋಧಿಸಿದರು. ಅಲ್ಪಾವಧಿ ಠೇವಣಿಯಿಂದ ದೀರ್ಘಾವಧಿ ಸಾಲ ಕೊಡುವುದು ಅಪಾಯ, ಷೇರಿಲ್ಲದ ಸಂಘ ಗಟ್ಟಿಯಲ್ಲ, ಈ ಮೇಲಿನ ಬ್ಯಾಂಕು ಕಾನೂನಿಗೆ ಹೊಂದುವುದಿಲ್ಲ ಎಂಬುದು ಅವರ ತಕರಾರು. ವರ್ಷಗಟ್ಟಲೆ ವಾದ ನಡೆಯಿತು. ರೈಫೈಸನ್ನರು ಹಟ ಹಿಡಿದು ಕೆಲಸ ಕೆಡಿಸಲಿಲ್ಲ. 1876ರಲ್ಲಿ ಆ ಬ್ಯಾಂಕಿನ ಜಾಗದಲ್ಲಿ ಕಾನೂನಿಗೆ ಒಪ್ಪುವ ಷೇರು ಕಂಪನಿಯ ರೂಪದ ಕೇಂದ್ರ ಸಾಲ ನಿಧಿ ಮಾಡಿದರು. ಸಂಘಗಳಲ್ಲಿ ಷೇರು ಇಡಲೇಬೇಕು ಅಂದಾಗ, ಬಡವನಿಗೂ ಆಗುವಷ್ಟು ಅತಿ ಸಣ್ಣ ಷೇರು ಇಟ್ಟರು. 1877ರಲ್ಲಿ ಸಂಘಗಳಿಗೆ ಸಲಹೆ ಕೊಡಲು, ಲೆಕ್ಕ ನೋಡಲು ಒಂದು ಒಕ್ಕೂಟ ಮಾಡಿದರು. ರೂಪದಲ್ಲಿ ಬಗ್ಗಿದರು, ತಿರುಳು ಬಿಡಲಿಲ್ಲ.

ಅವರಲ್ಲಿ ದೋಷವೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆ ಕಾಲದ ಬಹಳ ಮಂದಿಯಂತೆ ಯಹೂದಿ ವ್ಯಾಪಾರಿಗಳ ಬಗ್ಗೆ ಅವರ ಬರವಣಿಗೆಯಲ್ಲಿ ಪೂರ್ವಗ್ರಹದ ಮಾತುಗಳಿವೆ. ಬಡ್ಡಿಯ ತಪ್ಪನ್ನು ಒಂದು ಜನಾಂಗದ ತಲೆಗೆ ಕಟ್ಟುವುದು ನ್ಯಾಯವಲ್ಲ. ದೊಡ್ಡವರ ಒಳ್ಳೆಯದನ್ನು ತೆಗೆದುಕೊಂಡು ಕೆಟ್ಟದ್ದನ್ನು ಬಿಡಬೇಕು.

1888ರ ಮಾರ್ಚ್ 11ರಂದು, 70 ತುಂಬಲು ಕೆಲವೇ ದಿನ ಇರುವಾಗ, ಹೆಡ್ಡೆಸ್‌ಡಾರ್ಫಿನಲ್ಲಿ ರೈಫೈಸನ್ನರು ತೀರಿಕೊಂಡರು. ಆ ಹೊತ್ತಿಗೆ ಅವರ ಒಕ್ಕೂಟದಲ್ಲಿ ನಾನೂರಕ್ಕೂ ಹೆಚ್ಚು ಸಂಘಗಳಿದ್ದವು. ಮರುವರ್ಷ, 1889ರಲ್ಲಿ, ಜರ್ಮನಿಯಲ್ಲಿ ಹೊಸ ಸಹಕಾರ ಕಾನೂನು ಬಂತು. ಮುಂದೆ ಸಂಘಗಳು ಸಾವಿರಗಟ್ಟಲೆ ಆದವು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ದೇಶಗಳಲ್ಲಿ ಅವರ ಹೆಸರಿನ ಬ್ಯಾಂಕುಗಳು ಇಂದಿಗೂ ನಡೆಯುತ್ತಿವೆ. ಸಹಕಾರದ ವಿಚಾರ ಮತ್ತು ಆಚರಣೆಯನ್ನು 2016ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ನಾಡಿಗೆ ಬಂದ ಬಗೆ

ಈ ವಿಚಾರ ನಮ್ಮಲ್ಲಿಗೆ ಹೇಗೆ ಬಂತು? ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡ್ರಿಕ್ ನಿಕಲ್ಸನ್ನರನ್ನು ಯುರೋಪಿನ ರೈತ ಬ್ಯಾಂಕುಗಳ ಅಧ್ಯಯನಕ್ಕೆ ಹಚ್ಚಲಾಗಿತ್ತು. 1895 ಮತ್ತು 1897ರಲ್ಲಿ ಅವರ ವರದಿಯ ಎರಡು ಭಾಗಗಳು ಬಂದವು. ಅವರ ಸಲಹೆಯ ಸಾರ ಏನಪಾ ಅಂದರೆ, ನಮ್ಮ ಹಳ್ಳಿಗಳಿಗೂ ಒಬ್ಬ ರೈಫೈಸನ್ ಬೇಕು, ಅಂಥವರನ್ನು ಹುಡುಕಬೇಕು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಆಯಿತು. ಹಳ್ಳಿ ಸಂಘಗಳ ಸದಸ್ಯರಿಗೆ ಅಪರಿಮಿತ ಹೊಣೆ, ಲಾಭ ಕಾಯ್ದಿಟ್ಟ ನಿಧಿಗೆ. ರೈಫೈಸನ್ನರ ಬೀಜವೇ ಅದು.

ಆ ಬೀಜ ಮೊಳೆತದ್ದು ನಮ್ಮ ಕನ್ನಡ ನೆಲದಲ್ಲಿ ಎಂಬುದು ನಮ್ಮೆಲ್ಲರ ಹೆಮ್ಮೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅವರೇ ನಮ್ಮ ಪಾಲಿನ ರೈಫೈಸನ್. ಆಮೇಲೆ ಕಾಲ ಬದಲಾಯಿತು. ಈಗ ಸದಸ್ಯರ ಹೊಣೆ ಷೇರಿನ ಮಟ್ಟಿಗೆ ಮಾತ್ರ. ಸರ್ಕಾರದ ಬಡ್ಡಿ ರಿಯಾಯಿತಿ ಬಂದಿದೆ, ಗಣಕಯಂತ್ರ ಬಂದಿದೆ. ರೈಫೈಸನ್ನರು ಇದ್ದಿದ್ದರೆ ಇದನ್ನು ಬೇಡ ಅನ್ನುತ್ತಿರಲಿಲ್ಲ. ಆದರೆ ಕೊಡುವ ಕೈ ನಾಳೆ ನಿಂತರೆ ಸಂಘದ ಹತ್ತಿರ ತನ್ನದು ಅಂತ ಏನಿದೆ, ಅಂತ ಲೆಕ್ಕದ ಪುಸ್ತಕ ತೆಗೆದು ನೋಡುತ್ತಿದ್ದರು.

ಈಗ ನಮ್ಮ ಮೇವಿನ ವಿಷಯ

2023ರಲ್ಲಿ ಮಳೆ ಕೈಕೊಟ್ಟಾಗ, ಊರು ಬಿಟ್ಟು ದೂರ ನೆಲೆಸಿದ ಒಬ್ಬ ಹಿರಿಯರು ನಮ್ಮ ದನಗಳಿಗಾಗಿ ದೊಡ್ಡ ಮನಸ್ಸಿನಿಂದ ರೊಕ್ಕ ಕಳಿಸಿದರು. ಅವರಿಗೆ ಹೆಸರು ಹಾಕುವುದು ಇಷ್ಟವಿಲ್ಲ. ಮನೆಗೊಂದರಂತೆ ಪುಕ್ಕಟೆ ಹಂಚೋಣ ಅಂದವನು ನಾನು. ಎರಡು ತಿಂಗಳು ಹಂಚಿದೆವು. ಟ್ರ್ಯಾಕ್ಟರ್ ಇದ್ದವರೂ ಬಂದು ಒಯ್ದರು, ಒಂದೇ ಆಕಳು ಇದ್ದ ವಿಧವೆ ತಾಯಿಯೂ ಒಯ್ದಳು. ಬೇಡ ಅನ್ನುವ ಧೈರ್ಯ ನನಗೆ ಆಗಲಿಲ್ಲ. ಮೂರನೆಯ ತಿಂಗಳು ರೊಕ್ಕ ಮುಗಿಯಿತು, ಬರ ಮುಗಿಯಲಿಲ್ಲ. ಸಂತೆಗೆ ಹೊಡೆದುಕೊಂಡು ಹೋದ ದನಗಳಲ್ಲಿ ಆ ತಾಯಿಯ ಆಕಳೂ ಇತ್ತು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಆಮೇಲೆ ಸಭೆ ಸೇರಿ ದಾರಿ ಬದಲಿಸಿದೆವು. ಸಂಘದಿಂದಲೇ ಮೇವು ತರಿಸಿ ಉದ್ರಿ ಕೊಡುವುದು, ಮುಂದಿನ ಸುಗ್ಗಿಗೆ ರೊಕ್ಕ ಇಲ್ಲವೆ ಮೇವನ್ನೇ ವಾಪಸ್ ತರುವುದು. ಆಗ ಅಗತ್ಯ ಇದ್ದವರು ಮಾತ್ರ ಬಂದರು. ಮರುವರ್ಷ ಮಳೆ ಆಯಿತು. ಒಯ್ದವರಲ್ಲಿ ಬಹುತೇಕ ಮಂದಿ ವಾಪಸ್ ಕೊಟ್ಟರು. ಆ ಮೇವಿನ ರೊಕ್ಕ ಇಂದಿಗೂ ಸಂಘದ ಪುಸ್ತಕದಲ್ಲಿ ಬೇರೆ ಖಾತೆಯಲ್ಲಿ ಇದೆ.

ಕಳಿಸಿದ ಹಿರಿಯರದು ತಪ್ಪಿಲ್ಲ, ಒಯ್ದವರದೂ ತಪ್ಪಿಲ್ಲ. ಬಂದ ರೊಕ್ಕವನ್ನು ಖರ್ಚು ಮಾಡುವುದು ಹೇಗೆ ಅಂತ ಯೋಚಿಸಿದೆವು, ಉಳಿದು ತಿರುಗುವಂತೆ ಮಾಡುವುದು ಹೇಗೆ ಅಂತ ಯೋಚಿಸಲಿಲ್ಲ. ಅದು ನನ್ನ ತಪ್ಪು. ರೈಫೈಸನ್ನರ ಮೊದಲ ಮತ್ತು ಎರಡನೆಯ ಸಂಘದ ನಡುವಿನ ವ್ಯತ್ಯಾಸ ಅದೇ.

ಈಗ ಬೆಳ್ಳಿ ಹಬ್ಬದ ವರ್ಷದ ಲಾಭ ನಮ್ಮ ಮುಂದಿದೆ. ನೆನಪಿಗೆ ಪ್ರತಿ ಸದಸ್ಯರಿಗೂ ಒಂದೊಂದು ಸ್ಟೀಲ್ ಕೊಡ ಕೊಡಬೇಕು ಅಂತ ಒಂದು ವಿಚಾರ ಇದೆ. ಕಾನೂನು ಪ್ರಕಾರ ಇಡಬೇಕಾದ್ದನ್ನು ಇಟ್ಟ ಮೇಲೆ ಉಳಿಯುವುದನ್ನು ಮೇವಿನ ಖಾತೆಗೆ ಸೇರಿಸಿ, ಬರಗಾಲದ ನಿಧಿ ಅಂತ ಶಾಶ್ವತ ಮಾಡಬೇಕು ಎಂಬುದು ನನ್ನಂಥ ಕೆಲವರ ವಿಚಾರ. ಕೊಡ ಕೇಳುವವರ ಆಸೆಯೂ ಸುಳ್ಳಲ್ಲ. 25 ವರ್ಷ ನಂಬಿಕೆಯಿಂದ ವ್ಯವಹಾರ ಮಾಡಿದವರು ಅವರು, ಮನೆಯಲ್ಲಿ ಸಂಘದ ಗುರುತು ಇರಲಿ ಅನ್ನುತ್ತಾರೆ. ಮಹಾಸಭೆಯಲ್ಲಿ ಹೆಚ್ಚು ಮಂದಿ ಯಾವುದನ್ನು ಒಪ್ಪುತ್ತಾರೋ ಅದಕ್ಕೆ ನಾನೂ ಬದ್ಧ. ಆದರೆ ಕೈ ಎತ್ತುವ ಮೊದಲು ಒಂದು ಸಲ, ಮುಂದಿನ ಬರಗಾಲದ ಮೂರನೆಯ ತಿಂಗಳನ್ನು ನೆನಪು ಮಾಡಿಕೊಳ್ಳಿರಿ ಅಂತ ಕೈಮುಗಿದು ಕೇಳುತ್ತೇನೆ.

 ಬರವಣಿಗೆಯಲ್ಲಿ ತಪ್ಪು ಇದ್ದರೆ ತಿದ್ದಿಕೊಂಡು ಓದಬೇಕು. ನಮ್ಮ ಸಂಘ ಐವತ್ತನ್ನೂ ನೂರನ್ನೂ ಕಾಣಲಿ.

ಜೈ ಸಹಕಾರ.

ನಿಮ್ಮವ,
ಸಂಘದ ಒಬ್ಬ ನಿರ್ದೇಶಕ